ಸಾರ್ವಜನಿಕ ಸ್ಥಳಗಳಲ್ಲಿ ಕುಟುಂಬದ ಸುರಕ್ಷತೆ: ಸುತ್ತಲಿನ ಸ್ಥಿತಿಗತಿಯ ಕಡೆಗೆ ಗಮನ

ಚಾಲನಾ ಪರವಾನಗಿಗಾಗಿ ರಾಜಾಜಿನಗರದ ಪ್ರಾದೇಶಿಕ ಸಾರಿಗೆ ಕಚೇರಿಗೆ ಅಥವಾ ವಿವಿಧ ಸೇವೆಗಳಿಗಾಗಿ ಬೆಂಗಳೂರು ಒನ್ ಕೇಂದ್ರಗಳಿಗೆ ಬರುವ ಅರ್ಜಿದಾರರಲ್ಲಿ ಅನೇಕರು ಒಬ್ಬರೇ ಬರುವುದಿಲ್ಲ. ಪಿಂಚಣಿಯ ಕೆಲಸಕ್ಕೆ ವೃದ್ಧ ತಂದೆ ತಾಯಿಯರನ್ನು, ಆಧಾರ್ ನೋಂದಣಿಗೆ ಚಿಕ್ಕ ಮಕ್ಕಳನ್ನು ಕರೆತರುವುದು ಅನಿವಾರ್ಯವಾಗಿರುತ್ತದೆ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳ ಕಡೆಗೆ ಇರುವಷ್ಟು ಗಮನ ಮನೆಯಿಂದ ಕಚೇರಿಯವರೆಗಿನ ದಾರಿಯ ಕಡೆಗೆ ಇರುವುದಿಲ್ಲ. ಈ ಹಿನ್ನೆಲೆಯಲ್ಲಿ ನಗರದ ಪಶ್ಚಿಮ ಭಾಗದ ನಾಗರಿಕರನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ನೀಡಲಾಗಿದೆ.

ಎಚ್ಚರಿಕೆ ಎಂದೊಡನೆ ಸಾಮಾನ್ಯವಾಗಿ ನೆನಪಾಗುವುದು ಸರಗಳ್ಳರು ಮತ್ತು ಜೇಬುಗಳ್ಳರು. ಇವರ ಬಗ್ಗೆ ಜಾಗರೂಕತೆ ಅಗತ್ಯವೇ ಸರಿ. ಆದರೆ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕುಟುಂಬಗಳು ತಮ್ಮವರನ್ನು ಕಳೆದುಕೊಂಡ ಕೆಲವು ದುರ್ಘಟನೆಗಳನ್ನು ಪರಿಶೀಲಿಸಿದಲ್ಲಿ, ಅಪಾಯ ಬಂದದ್ದು ಅಪರಿಚಿತ ವ್ಯಕ್ತಿಯಿಂದಲ್ಲ, ನಿಂತ ಸ್ಥಳದಿಂದ ಎಂಬುದು ಕಂಡುಬರುತ್ತದೆ. ಆದುದರಿಂದ ಎದುರಿಗೆ ಬರುವವರ ಮುಖ ನೋಡುವುದಕ್ಕಿಂತ ಮೊದಲು ಕಾಲಿನ ಕೆಳಗಿನ ನೆಲ, ತಲೆಯ ಮೇಲಿನ ತಂತಿ ಮತ್ತು ಹೊರಹೋಗುವ ದಾರಿಯನ್ನು ನೋಡುವ ಅಭ್ಯಾಸ ಹೆಚ್ಚು ಉಪಯುಕ್ತ.

ಎರಡು ಘಟನೆಗಳು

2024ರ ಅಕ್ಟೋಬರ್ 21ರಂದು ಕೆಂಗೇರಿ ಕೆರೆಗೆ ನೀರು ತರಲು ಹೋಗಿದ್ದ 11 ವರ್ಷದ ಬಾಲಕಿ ಕಾಲುಜಾರಿ ನೀರಿಗೆ ಬಿದ್ದಳು. ಅವಳನ್ನು ಉಳಿಸಲು 13 ವರ್ಷದ ಅಣ್ಣ ನೀರಿಗಿಳಿದನು. ಇಬ್ಬರೂ ಮೃತಪಟ್ಟರು.

2023ರ ನವೆಂಬರ್ 19ರ ಮುಂಜಾನೆ ನಗರದ ಪೂರ್ವ ಭಾಗದ ಕಾಡುಗೋಡಿ ಬಳಿ, ಮನೆಗೆ ನಡೆದು ಹೋಗುತ್ತಿದ್ದ 23 ವರ್ಷದ ತಾಯಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದರು. ತಾಯಿ ಹಾಗೂ ಅವರ ತೋಳಿನಲ್ಲಿದ್ದ 9 ತಿಂಗಳ ಹೆಣ್ಣುಮಗು ಸ್ಥಳದಲ್ಲಿಯೇ ಮೃತಪಟ್ಟರು. ರಕ್ಷಿಸಲು ಧಾವಿಸಿದ ಪತಿ ಗಾಯಗೊಂಡರು.

ಎರಡೂ ಸಂದರ್ಭಗಳಲ್ಲಿ ನೆರವಿಗೆ ಹೋದವರು ಮನೆಯವರೇ ಆಗಿದ್ದರು. ತಂಗಿ ಮುಳುಗುತ್ತಿರುವಾಗ ಅಣ್ಣ ದಡದಲ್ಲಿ ನಿಂತು ಯೋಚಿಸಬೇಕಿತ್ತು ಎಂದು ಯಾರೂ ಹೇಳಲಾರರು. ಆ ಬಾಲಕನಲ್ಲಿ ತಪ್ಪು ಹುಡುಕುವುದು ಇಲ್ಲಿನ ಉದ್ದೇಶವೂ ಅಲ್ಲ. ಆದರೆ ಅಂತಹ ಕ್ಷಣದಲ್ಲಿ ಮನುಷ್ಯನು ಯೋಚಿಸಲಾರನು, ಮೊದಲೇ ಕಲಿತದ್ದನ್ನು ಮಾತ್ರ ಮಾಡಬಲ್ಲನು. ಆದಕಾರಣ ಕಲಿಸುವ ಕೆಲಸ ಮನೆಯಲ್ಲಿ, ಮುಂಚಿತವಾಗಿ ಆಗಬೇಕಾಗುತ್ತದೆ. ಒಬ್ಬರು ಅಪಾಯಕ್ಕೆ ಸಿಲುಕಿದಾಗ ಎರಡನೆಯವರು ಮೊದಲು ನಿಲ್ಲುವುದು, ಕೂಗಿ ಜನರನ್ನು ಕರೆಯುವುದು, ಅನಂತರ ಕೈಗೆ ಸಿಕ್ಕಿದ್ದನ್ನು ಚಾಚುವುದು ಅಥವಾ ಎಸೆಯುವುದು ಎಂಬ ಕ್ರಮವನ್ನು ಎಂಟು ಹತ್ತು ವರ್ಷದ ಮಕ್ಕಳೂ ಕಲಿಯಬಲ್ಲರು. ನೀರಿನ ಸಂದರ್ಭದಲ್ಲಿ ಸೀರೆ, ಪಂಚೆ, ಹಗ್ಗ, ಉದ್ದನೆಯ ಕೋಲು ಇವುಗಳಲ್ಲಿ ಯಾವುದಾದರೂ ಆಗಬಹುದು. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ನೀರಿನ ಮೇಲೆ ತೇಲುವುದರಿಂದ ಬಿದ್ದವರಿಗೆ ಆಸರೆಯಾಗುತ್ತದೆ. ಚಾಚುವವರು ನಿಂತುಕೊಂಡಿರದೆ ದಡದಲ್ಲಿ ಮಲಗಿ ಚಾಚತಕ್ಕದ್ದು, ಇಲ್ಲವಾದಲ್ಲಿ ಹಿಡಿದವರ ಭಾರಕ್ಕೆ ತಾವೂ ಒಳಗೆ ಎಳೆಯಲ್ಪಡುವ ಸಂಭವವಿರುತ್ತದೆ.

ಮಳೆ, ರಾಜಕಾಲುವೆ ಮತ್ತು ಅಂಡರ್‌ಪಾಸ್

ರಾಜಾಜಿನಗರ, ಬಸವೇಶ್ವರನಗರ ಹಾಗೂ ವಿಜಯನಗರದ ಕಡೆಯ ಮಳೆನೀರಿನ ಬಹುಪಾಲು ರಾಜಕಾಲುವೆಗಳ ಮೂಲಕ ವೃಷಭಾವತಿ ಕಣಿವೆಗೆ ಇಳಿದು, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯತ್ತ ಹರಿಯುತ್ತದೆ. ಮೇಲ್ಭಾಗದ ಬಡಾವಣೆಯಲ್ಲಿ ಜೋರು ಮಳೆಯಾದಲ್ಲಿ, ಕೆಳಭಾಗದಲ್ಲಿ ತುಂತುರು ಮಾತ್ರ ಇದ್ದರೂ ಕಾಲುವೆಯ ಮಟ್ಟ ಸ್ವಲ್ಪ ಸಮಯದಲ್ಲಿಯೇ ಏರಬಹುದು. ಇಲ್ಲಿ ಮಳೆ ನಿಂತಿದೆ ಎಂಬ ಕಾರಣಕ್ಕೆ ಮಕ್ಕಳನ್ನು ಕಾಲುವೆಯ ಅಂಚಿನಲ್ಲಿ ನಡೆಸುವುದು ಸರಿಯಲ್ಲ.

ಅರ್ಧ ಅಡಿ ಆಳದ ನೀರು ವೇಗವಾಗಿ ಹರಿಯುತ್ತಿದ್ದಲ್ಲಿ ವಯಸ್ಕರನ್ನೂ ಕೆಡವಬಲ್ಲದು. ಒಂದು ಅಡಿ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. ನೀರು ಕೆಂಪಾಗಿದ್ದು ತಳ ಕಾಣದಿದ್ದಲ್ಲಿ ಅಡಿಯಲ್ಲಿ ತೆರೆದ ಚರಂಡಿ ಇದೆ ಎಂದೇ ಭಾವಿಸಿ ಹಿಂದಿರುಗುವುದು ಕ್ಷೇಮ. ಕಚೇರಿಯ ಸಮಯ ಮೀರಿದಲ್ಲಿ ಅರ್ಜಿಯನ್ನು ಮರುದಿನವೂ ಸಲ್ಲಿಸಬಹುದು.

2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕುಟುಂಬವೊಂದು ಪ್ರಯಾಣಿಸುತ್ತಿದ್ದ ಕಾರು ಮಳೆನೀರಿನಲ್ಲಿ ಸಿಲುಕಿ 22 ವರ್ಷದ ಯುವತಿಯೊಬ್ಬರು ಮೃತಪಟ್ಟರು, ಉಳಿದವರನ್ನು ರಕ್ಷಿಸಲಾಯಿತು. ಅಂಡರ್‌ಪಾಸ್‌ನ ಇಳಿಜಾರಿನಲ್ಲಿ ನಿಂತು ನೋಡುವವರಿಗೆ ನೀರಿನ ಆಳ ಇರುವುದಕ್ಕಿಂತ ಕಡಿಮೆ ಎಂದೇ ತೋರುತ್ತದೆ. ಬಾಡಿಗೆ ವಾಹನವಾದಲ್ಲಿ, ಮುಂದೆ ಹೋಗಬೇಡಿ ಎಂದು ಚಾಲಕರಿಗೆ ಹೇಳಲು ಪ್ರಯಾಣಿಕರು ಸಂಕೋಚಪಡಬಾರದು. ವಾಹನ ನೀರಿನಲ್ಲಿ ನಿಂತುಹೋದ ಪಕ್ಷದಲ್ಲಿ ವಿಳಂಬಕ್ಕೆ ಅವಕಾಶವಿಲ್ಲ. ನೀರು ಬಾಗಿಲಿನ ಅರ್ಧದವರೆಗೆ ಏರಿದಲ್ಲಿ ಹೊರಗಿನಿಂದ ಬೀಳುವ ಭಾರ ನೂರು ಕಿಲೋಗಿಂತಲೂ ಅಧಿಕವಾಗಿ, ಒಳಗಿನಿಂದ ಬಾಗಿಲು ತೆರೆಯುವುದು ಬಹುತೇಕ ಅಸಾಧ್ಯವಾಗುತ್ತದೆ. ಆದ್ದರಿಂದ ಮೊದಲು ಸೀಟಿನ ಬೆಲ್ಟ್ ಬಿಚ್ಚಿ, ವಿದ್ಯುತ್ ಇರುವಾಗಲೇ ಪಕ್ಕದ ಕಿಟಕಿಗಳನ್ನು ಇಳಿಸಿ, ಮಕ್ಕಳನ್ನು ಮುಂದಾಗಿ ಹೊರಗೆ ಕಳುಹಿಸಿ ವಾಹನದ ಮೇಲ್ಛಾವಣಿಗೆ ಹತ್ತಿಸಬೇಕು. ಕಿಟಕಿ ಇಳಿಯದಿದ್ದಲ್ಲಿ ಅದರ ಗಾಜಿನ ಮೂಲೆಯನ್ನು ಒಡೆಯಬೇಕು. ಸೀಟಿನ ತಲೆದಿಂಬನ್ನು ಕಿತ್ತರೆ ದೊರೆಯುವ ಲೋಹದ ಕಡ್ಡಿಗಳು ಇದಕ್ಕೆ ಒದಗುತ್ತವೆ. ಮುಂಭಾಗದ ಗಾಜು ಪದರದ ಗಾಜಾದ್ದರಿಂದ ಅದನ್ನು ಒಡೆಯುವ ಪ್ರಯತ್ನ ವ್ಯರ್ಥ.

ಬಿದ್ದಿರುವ ತಂತಿ

ಬೀದಿಯ ಮೇಲ್ತಂತಿಗಳಲ್ಲಿ ಕೆಲವು 11,000 ವೋಲ್ಟ್‌ಗಳವು. ಮನೆಯ ವಿದ್ಯುತ್ 230 ವೋಲ್ಟ್. ಮನೆಯಲ್ಲಿ ಒಣಕೋಲಿನಿಂದ ತಂತಿ ಸರಿಸಿದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ತಂತಿಯನ್ನು ಮುಟ್ಟದಿದ್ದರೂ ಅದು ಬಿದ್ದ ಜಾಗದ ಸುತ್ತ ನೆಲದಲ್ಲಿ ವಿದ್ಯುತ್ ಹರಡಿರುತ್ತದೆ. ದೂರ ಹೋದಂತೆ ವೋಲ್ಟೇಜ್ ಕಡಿಮೆಯಾಗುತ್ತದೆ. ಉದ್ದ ಹೆಜ್ಜೆ ಹಾಕಿದಲ್ಲಿ ಎರಡು ಪಾದಗಳ ನಡುವಿನ ವೋಲ್ಟೇಜಿನ ವ್ಯತ್ಯಾಸದಿಂದ ದೇಹದ ಮೂಲಕ ವಿದ್ಯುತ್ ಹರಿಯುತ್ತದೆ. ಆದ್ದರಿಂದ ಹತ್ತಿರವಿರುವವರು ಓಡದೆ, ಎರಡೂ ಪಾದಗಳನ್ನು ಜೋಡಿಸಿಕೊಂಡು ನೆಲದಿಂದ ಎತ್ತದೆ ಸರಿಸುತ್ತಾ ಕನಿಷ್ಠ 10 ಮೀಟರ್ ದೂರ ಹೋಗತಕ್ಕದ್ದು. ಜೊತೆಯಲ್ಲಿರುವ ಮಗುವನ್ನು ಎತ್ತಿಕೊಳ್ಳುವುದು ಕೈಹಿಡಿದು ನಡೆಸುವುದಕ್ಕಿಂತ ಮೇಲು. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆಮಾಡಿ, ವಿದ್ಯುತ್ ಸಂಪರ್ಕ ಕಡಿತವಾಗಿದೆ ಎಂದು ಸಿಬ್ಬಂದಿ ಖಚಿತಪಡಿಸುವವರೆಗೆ ಯಾರನ್ನೂ ಸಮೀಪಕ್ಕೆ ಬಿಡಬಾರದು. ತಂತಿ ತಗುಲಿ ಬಿದ್ದವರು ಸ್ವಂತದವರಾದರೂ ಈ ನಿಯಮದಲ್ಲಿ ವಿನಾಯಿತಿ ಇಲ್ಲ. ಇದು ಕಠಿಣ ಮಾತಾದರೂ ಹೇಳಲೇಬೇಕಾಗಿದೆ.

ನಮ್ಮ ಮೆಟ್ರೋ ನೇರಳೆ ಮಾರ್ಗದ ಹಳಿಗಳ ಪಕ್ಕದಲ್ಲಿ 750 ವೋಲ್ಟ್ ವಿದ್ಯುತ್ ಹರಿಯುವ ಮೂರನೆಯ ಹಳಿ ಇರುತ್ತದೆ. ವಿಜಯನಗರ, ಅತ್ತಿಗುಪ್ಪೆ, ಕೆಂಗೇರಿ ಮುಂತಾದ ನಿಲ್ದಾಣಗಳಲ್ಲಿ ಮೊಬೈಲ್ ಅಥವಾ ಚಪ್ಪಲಿ ಕೆಳಗೆ ಬಿದ್ದಲ್ಲಿ ಸಿಬ್ಬಂದಿಗೆ ತಿಳಿಸಬೇಕೇ ಹೊರತು ಇಳಿಯಕೂಡದು. ಮನುಷ್ಯರು ಬಿದ್ದಲ್ಲಿ ಪ್ಲಾಟ್‌ಫಾರಂನಲ್ಲಿರುವ ತುರ್ತು ಗುಂಡಿಯನ್ನು ಕೂಡಲೇ ಒತ್ತಬೇಕು.

ಜನಸಂದಣಿ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡದ ವಿಜಯೋತ್ಸವದ ವೇಳೆ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಸುಮಾರು 35,000 ಜನರಿಗೆ ಸ್ಥಳವಿರುವ ಕ್ರೀಡಾಂಗಣದ ಬಳಿ ಲಕ್ಷಾಂತರ ಜನ ಸೇರಿದ್ದರು. ಇಂತಹ ಸಾವುಗಳಿಗೆ ಸಾಮಾನ್ಯ ಕಾರಣ ತುಳಿತಕ್ಕಿಂತ ಹೆಚ್ಚಾಗಿ ಎದೆಯ ಮೇಲಿನ ಒತ್ತಡದಿಂದ ಉಸಿರುಗಟ್ಟುವುದು. ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದಾಗ ಯಾರೂ ತಮ್ಮ ಇಚ್ಛೆಯಂತೆ ಚಲಿಸಲಾರರು. ಹಿಂದಿನವರ ನೂಕು ಅಲೆಯಂತೆ ಮುಂದಿನವರನ್ನು ತಲುಪುತ್ತದೆ. ಅಳತೆ ಪಟ್ಟಿ ಹಿಡಿದು ಎಣಿಸುವ ಅಗತ್ಯವಿಲ್ಲ. ಎರಡೂ ಭುಜಗಳಿಗೆ ಬೇರೆಯವರ ದೇಹ ತಾಗುತ್ತಿದ್ದು ಕೈಗಳನ್ನು ಮುಖದವರೆಗೆ ತರಲು ಕಷ್ಟವಾದಲ್ಲಿ, ಹೊರಡುವ ಸಮಯ ಆಗಲೇ ಮೀರುತ್ತಿದೆ ಎಂದು ತಿಳಿಯಬೇಕು.

ವೈಕುಂಠ ಏಕಾದಶಿಯಂದು ರಾಜಾಜಿನಗರದ ಇಸ್ಕಾನ್ ಮಂದಿರಕ್ಕೆ, ಹಬ್ಬದ ಹಿಂದಿನ ದಿನ ವಿಜಯನಗರದ ಮಾರುಕಟ್ಟೆಗೆ ಹೋಗುವವರು ಒಳಗೆ ಹೋಗುವ ಮುನ್ನವೇ ಹೊರಬರುವ ಇನ್ನೊಂದು ದಾರಿಯನ್ನು ನೋಡಿಕೊಂಡಿರಬೇಕು. ಒತ್ತಡ ಹೆಚ್ಚಾದಲ್ಲಿ ಎದುರುಬದುರಾಗಿ ನೂಕದೆ, ಅಲೆ ಇಳಿದಾಗ ಓರೆಯಾಗಿ ಅಂಚಿನತ್ತ ಸರಿಯಬೇಕು. ಗೇಟು, ಗೋಡೆ, ಬ್ಯಾರಿಕೇಡುಗಳಿಂದ ದೂರವಿರಬೇಕು. ಮಡಚಿದ ಕೈಗಳನ್ನು ಎದೆಯ ಮುಂದೆ ಇರಿಸಿಕೊಂಡಲ್ಲಿ ಉಸಿರಾಟಕ್ಕೆ ಸ್ಥಳ ಉಳಿಯುತ್ತದೆ. ಕೆಳಗೆ ಬಿದ್ದ ವಸ್ತು ಎಷ್ಟೇ ಬೆಲೆಯದಾದರೂ ಬಗ್ಗಿ ಎತ್ತಿಕೊಳ್ಳಬಾರದು. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಕು. ಉತ್ಸವ ನೋಡದೆ ಹಿಂದಿರುಗಿದ್ದಕ್ಕೆ ಮಕ್ಕಳು ಅಳುವುದುಂಟು, ಅದು ಮನೆ ತಲುಪುವುದರೊಳಗೆ ನಿಲ್ಲುತ್ತದೆ.

112ಕ್ಕೆ ಸ್ಥಳ ತಿಳಿಸುವುದು

ತುರ್ತು ಸಂದರ್ಭಗಳಲ್ಲಿ 112ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕರೆ ಮಾಡುವವರು ಏನಾಯಿತು ಎಂಬುದನ್ನು ವಿವರಿಸುವುದಕ್ಕಿಂತ ಮೊದಲು ಎಲ್ಲಿ ಎಂಬುದನ್ನು ಹೇಳಬೇಕು. ರಾಜಾಜಿನಗರದಲ್ಲಿ ಒಂದಕ್ಕಿಂತ ಹೆಚ್ಚು ಬ್ಲಾಕ್‌ಗಳಿದ್ದು, ಒಂದೇ ಸಂಖ್ಯೆಯ ಮುಖ್ಯರಸ್ತೆ ಅಥವಾ ಅಡ್ಡರಸ್ತೆ ಹಲವು ಕಡೆ ಇರಬಹುದು. ಬ್ಲಾಕ್ ತಿಳಿಸದಿದ್ದಲ್ಲಿ ವಾಹನ ಬೇರೆ ಬೀದಿಗೆ ಹೋಗುವ ಸಂಭವವುಂಟು. ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬದ ಸಂಖ್ಯೆ, ಇತರೆಡೆ ಸಮೀಪದ ದೇವಾಲಯ, ಶಾಲೆ ಅಥವಾ ಅಂಗಡಿಯ ಫಲಕ ಸಾಕಾಗುತ್ತದೆ. ಆಗಾಗ ಹೋಗುವ ದಾರಿಯ ಇಂತಹ ಗುರುತುಗಳನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸಿರಬೇಕು.

ಮಗು ಕಾಣದಾದಲ್ಲಿ

ಕಚೇರಿಗಳ ಸರತಿಯಲ್ಲಿ, ಟೋಕನ್ ಸಂಖ್ಯೆ ಕರೆದ ಗಡಿಬಿಡಿಯಲ್ಲಿ ಮಗು ಕೈತಪ್ಪುವುದುಂಟು. ಒಳಗೆ ಬಂದೊಡನೆ, ಬೇರೆಯಾದರೆ ಬಂದು ನಿಲ್ಲಬೇಕಾದ ಒಂದು ಸ್ಥಳವನ್ನು ಮಗುವಿಗೆ ಬೆರಳುಮಾಡಿ ತೋರಿಸಿರಬೇಕು. ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಡುವುದು ಹಳೆಯ ಕ್ರಮವಾದರೂ ಈಗಲೂ ಉಪಯುಕ್ತವೇ ಆಗಿದೆ. ಹೋಗುವಾಗ ಮಗುವಿನ ಒಂದು ಭಾವಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದಲ್ಲಿ ಅಂದು ತೊಟ್ಟ ಬಟ್ಟೆಯ ಬಣ್ಣವನ್ನು ನೆನಪಿಸಿಕೊಳ್ಳುವ ತೊಂದರೆ ಇರುವುದಿಲ್ಲ.

ಹುಡುಕಿಯೂ ಸಿಗದಿದ್ದಲ್ಲಿ 24 ಗಂಟೆ ಕಾಯಬೇಕೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಅಂತಹ ಯಾವುದೇ ನಿಯಮವಿಲ್ಲ. ಕಾಣೆಯಾದ ಮಕ್ಕಳ ಬಗ್ಗೆ ದೂರು ಬಂದ ಕೂಡಲೇ ಪ್ರಥಮ ವರ್ತಮಾನ ವರದಿ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಮೇ ತಿಂಗಳಿನಲ್ಲಿ ನಿರ್ದೇಶಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಅಪರಾಧ ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಗೆ ಸೇರಿದ್ದರೂ ಸಮೀಪದ ಪೊಲೀಸ್ ಠಾಣೆಯಲ್ಲಿ ಮಾಹಿತಿ ನೀಡಬಹುದು ಮತ್ತು ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಮಕ್ಕಳ ಸಹಾಯವಾಣಿ ಸಂಖ್ಯೆ 1098.