ಅರಿವಳಿಕೆಗೆ ಮುನ್ನ ಕೇಳಬೇಕಾದ ಪ್ರಶ್ನೆ

ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಡುವುದುಂಟು. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವವೇ ಇಲ್ಲದವರಿಗೆ ಔಷಧದ ಪ್ರಭಾವ ಗಂಟೆಗಟ್ಟಲೆ ಇಳಿಯದು. ಅಷ್ಟು ಹೊತ್ತೂ ವೆಂಟಿಲೇಟರೇ ಗತಿ. ತೆಲಂಗಾಣ, ಆಂಧ್ರ, ಕರ್ನಾಟಕಗಳಲ್ಲಿ ಹರಡಿರುವ ಆರ್ಯವೈಶ್ಯರಲ್ಲಿ ಈ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು.

ಇದು ಅವರೊಬ್ಬರ ಕಥೆಯಲ್ಲ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಖ್ ಮತ್ತು ಸಂಗಡಿಗರು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಡಿಎನ್‌ಎ ಪರಿಶೀಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ಪೂರ್ವಜರಿಂದ ಬೆಳೆದು, ತಲೆಮಾರುಗಳ ಕಾಲ ತಮ್ಮೊಳಗೇ ಮದುವೆಯಾದ ಗುರುತು 81 ಸಮುದಾಯಗಳಲ್ಲಿ, ಇದಕ್ಕೆ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಗಾಢವಾಗಿತ್ತು. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ತಲಾ ಹತ್ತು ಲಕ್ಷ ಮೀರುತ್ತದೆ.

ಆನುವಂಶಿಕ ಕಾಯಿಲೆ ಎಂದರೆ ನಾವು ಸೋದರಮಾವನೊಂದಿಗಿನ ಮದುವೆಯನ್ನು ದೂರುತ್ತೇವೆ. ಆದರೆ ಇಂಥ ಸಮುದಾಯದಲ್ಲಿ ಗೋತ್ರ ಬೇರೆ, ಊರು ಬೇರೆ ಎಂದು ನೋಡಿ ಸಂಬಂಧ ಬೆಳೆಸಿದರೂ ವಧೂವರರಿಬ್ಬರೂ ಒಬ್ಬನೇ ಪೂರ್ವಜನಿಂದ ಬಂದ ದೋಷವನ್ನು ಹೊತ್ತಿರಬಹುದು. ಇಂಥ ವಾಹಕರಿಬ್ಬರೂ ಆರೋಗ್ಯವಂತರೇ, ಎರಡೂ ಕಡೆಯ ದೋಷ ಕೂಡಿದ ಮಗುವಿಗೆ ಮಾತ್ರ ತೊಂದರೆ.

ಇಂಥ ದೋಷಗಳನ್ನು ಪತ್ತೆಹಚ್ಚುವ ದಾರಿ ಎಂದರೆ ಜೀನೋಮ್, ಅಂದರೆ ವ್ಯಕ್ತಿಯ ಇಡೀ ಡಿಎನ್‌ಎಯನ್ನು ಓದುವುದು. ಇಂಗ್ಲೆಂಡ್ ಒಂದು ಲಕ್ಷ ಜೀನೋಮ್‌ಗಳನ್ನು ಓದಿಸಿ, 2018ರಲ್ಲಿ ಜೀನೋಮ್ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಸೇವೆಗೆ ಸೇರಿಸಿತು. ನಮ್ಮಲ್ಲಿ ಸಿಸಿಎಂಬಿಯೂ ಪಾಲ್ಗೊಂಡ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಸಮನ್ವಯಿಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರದಷ್ಟು ಜೀನೋಮ್‌ಗಳ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಇಷ್ಟು ದೊಡ್ಡ ದೇಶಕ್ಕೆ ಇದು ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಎಲ್ಲರ ಜೀನೋಮ್ ಓದುವ ಅಗತ್ಯವೇ ಇಲ್ಲ. ಯಾವ ಸಮುದಾಯದಲ್ಲಿ ಯಾವ ದೋಷ ಹೆಚ್ಚು ಎಂಬುದು ಒಮ್ಮೆ ತಿಳಿದರೆ, ಮುನ್ನೂರು ಕೋಟಿ ಅಕ್ಷರಗಳ ಬದಲು ಒಂದೆರಡನ್ನು ಪರೀಕ್ಷಿಸಿದರೆ ಸಾಕು. ಅಷ್ಟರಮಟ್ಟಿಗೆ ಖರ್ಚೂ ಇಳಿಯುತ್ತದೆ. ಅಮೆರಿಕ, ಕೆನಡಾಗಳ ಅಶ್ಕೆನಾಜಿ ಯಹೂದಿಗಳು 1970ರ ದಶಕದಲ್ಲಿ ಆರಂಭಿಸಿದ ವಾಹಕರ ತಪಾಸಣೆಯಿಂದ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ರೋಗದೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಶೇ. 90ಕ್ಕೂ ಹೆಚ್ಚು ಇಳಿಯಿತು.

ಪರೀಕ್ಷೆಯ ಫಲಿತಾಂಶವನ್ನು ಬಿಡಿಸಿ ಹೇಳುವವರೂ ಬೇಕು. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ (ಸಿಡಿಎಫ್‌ಡಿ) ರೋಗನಿರ್ಣಯ ಮತ್ತು ಆಪ್ತಸಮಾಲೋಚನೆ ಎರಡನ್ನೂ ನಡೆಸುತ್ತದೆ. ಜಿಲ್ಲಾಸ್ಪತ್ರೆಗಳಿಗೂ ಆ ಜೋಡಿ ತಲುಪಬೇಕು. ಇಲ್ಲವಾದರೆ ‘ವಾಹಕ’ ಎಂಬ ಒಂದು ಮಾತು ಆರೋಗ್ಯವಂತ ಹುಡುಗಿಯ ಮದುವೆಯನ್ನೇ ತಪ್ಪಿಸೀತು. ಸಮುದಾಯದ ಹೆಸರು ವೈದ್ಯರಿಗೆ ಸುಳಿವಷ್ಟೇ. ತೀರ್ಮಾನ ವ್ಯಕ್ತಿಯ ರಕ್ತಪರೀಕ್ಷೆಯಿಂದಲೇ ಆಗಬೇಕು.