ತಾಳ ಕಾಯಬಾರದು ಕಣೋ

ನಮ್ಮ ಮನೆಯಲ್ಲಿ ತೋಡಿ ರಾಗ ಕೇಳಿಸದೆ ಒಂದು ವರ್ಷವಾಗಿತ್ತು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಎರಡನೇ ಸಲ ಓದುತ್ತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದವನು ನಾನು. ನಡುಮನೆಯಲ್ಲಿ ಅಮ್ಮ ಯಾವ ರಾಗ ನುಡಿಸುತ್ತಾಳೆ ಎಂಬುದು ನನಗೆ ಗೋಡೆ ಗಡಿಯಾರದ ಸದ್ದಿನ ಹಾಗೆ. ಇದ್ದರೂ ಕೇಳಿಸದು, ನಿಂತರೂ ತಿಳಿಯದು.

ಅಮ್ಮ ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ 22 ವರ್ಷದಿಂದ ವೀಣೆ ಪಾಠ ಹೇಳುತ್ತಾ ಬಂದವಳು. ಎಡಗೈಯ ತೋರುಬೆರಳು, ನಡುಬೆರಳಿನ ತುದಿಯಲ್ಲಿ ತಂತಿ ಉಜ್ಜಿ ಆದ ಗೀರುಗಳಿವೆ. ಕೊಬ್ಬರಿ ಎಣ್ಣೆ ಸೇರಿ ಕಪ್ಪಾಗಿರುವ ಆ ಗೀರುಗಳೇ ಅವಳ ಸರ್ಟಿಫಿಕೇಟ್. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಎರಡು ಬೆರಳುಗಳ ಮೇಲೆ. ನನಗೂ ಕಲಿಸಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಗೆಳೆಯರು ನಕ್ಕರೆಂದು ನಾನೇ ಬಿಟ್ಟೆ.

ಮೊದಲು ಹೋದದ್ದು ವಾಸನೆ. ಹಾಲು ಸೀದು ಮನೆಯೆಲ್ಲಾ ಹೊಗೆಯಾದರೂ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎಡ ಭುಜ ಬಿಗಿಯಿತು. ಫ್ರೋಜನ್ ಶೋಲ್ಡರ್ ಎಂದರು. ಎಂಟು ತಿಂಗಳು ಶಾಖ ಕೊಟ್ಟದ್ದಾಯಿತು, ವ್ಯಾಯಾಮ ಮಾಡಿದ್ದಾಯಿತು. ಕೊನೆಗೆ ಏನೋ ಸರಿಯಿಲ್ಲ ಎಂದು ಹಿಡಿದವಳು ಏಳನೇ ಕ್ಲಾಸಿನ ಶಿಷ್ಯೆ. “ಮಿಸ್, ನೀವು ನಡೆಯುವಾಗ ಎಡಗೈ ಬೀಸೋದೇ ಇಲ್ಲ” ಅಂದಳು. ಅಷ್ಟರಲ್ಲಿ ಟಿ.ವಿ. ನೋಡುತ್ತಾ ಕೂತಾಗ ತೊಡೆಯ ಮೇಲಿಟ್ಟ ಆ ಕೈ, ಜಪಮಣಿ ಎಣಿಸುವ ಹಾಗೆ ತಾನಾಗಿಯೇ ಅಲುಗಾಡಲು ಶುರುವಾಗಿತ್ತು.

ನರರೋಗ ತಜ್ಞರು ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಪಾರ್ಕಿನ್ಸನ್ ಕಾಯಿಲೆಯನ್ನು ಹೆಚ್ಚಾಗಿ ನೋಡಿ, ಮುಟ್ಟಿ, ನಡೆಸಿಯೇ ಗುರುತಿಸುತ್ತಾರಂತೆ. “ಹೆಬ್ಬೆರಳಿಗೆ ತೋರುಬೆರಳು ತಟ್ಟಿ. ದೊಡ್ಡದಾಗಿ, ಬೇಗ ಬೇಗ” ಅಂದರು. ಬಲಗೈ ಸಲೀಸಾಗಿ ತಟ್ಟಿತು. ಎಡಗೈ ಮೊದಲ ನಾಲ್ಕು ಸಲ ಚೆನ್ನಾಗಿ ತೆರೆದುಕೊಂಡಿತು, ಐದನೆಯದು ಸ್ವಲ್ಪ ಚಿಕ್ಕದು, ಆರನೆಯದು ಇನ್ನೂ ಚಿಕ್ಕದು. ಹತ್ತರ ಹೊತ್ತಿಗೆ ಎರಡು ಬೆರಳೂ ಅಂಟಿಕೊಂಡ ಹಾಗೆ ನಿಂತುಬಿಟ್ಟವು. ಅಮ್ಮ ಬೆರಳನ್ನೇ ನೋಡುತ್ತಾ ಮೆಲ್ಲಗೆ, “ತೋಡಿ ಗಾಂಧಾರ” ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಸಂಗೀತ ಗೊತ್ತಿಲ್ಲದವರಿಗೆ ಒಂದು ಮಾತು. ವೀಣೆಯಲ್ಲಿ 24 ಮೆಟ್ಟಿಲು, ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ತೋಡಿಯ ಗಾಂಧಾರ ಸುಮ್ಮನೆ ಒತ್ತಿದರೆ ಬರುವ ಸ್ವರವಲ್ಲ. ಎಡಗೈಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಬಿಟ್ಟು, ಎಳೆದು ಬಿಟ್ಟು ತೂಗಬೇಕು. ಶಾಸ್ತ್ರದ ಪುಸ್ತಕಗಳಲ್ಲಿ ಈ ಬಗೆಯ ಗಮಕಕ್ಕೆ ‘ಕಂಪಿತ’ ಎಂಬ ಹೆಸರಿದೆ. ಆಯುರ್ವೇದದವರು ಈ ಕಾಯಿಲೆಯನ್ನು ‘ಕಂಪವಾತ’ ಎನ್ನುತ್ತಾರೆ. ಎರಡರಲ್ಲೂ ಇರುವುದು ಒಂದೇ ಕಂಪ. ಒಂದನ್ನು ಕಲಿಯಲು ಅಮ್ಮನಿಗೆ ಹತ್ತು ವರ್ಷ ಬೇಕಾಯಿತು, ಇನ್ನೊಂದು ಕೇಳದೆಯೇ ಬಂತು.

ಕೈ ನಡುಗಿದರೆ ವೀಣೆ ಹೇಗೆ ನುಡಿಸುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡಿದ ಮೇಲೆ ತಿಳಿಯಿತು, ಬೆರಳು ತಂತಿ ಮುಟ್ಟಿದ ಕೂಡಲೇ ನಡುಕ ಬಹುಮಟ್ಟಿಗೆ ಮಾಯ! ಈ ಕಾಯಿಲೆಯ ನಡುಕ ಹೆಚ್ಚಾಗಿ ಕೈ ಸುಮ್ಮನಿದ್ದಾಗಿನದು. ಕೆಲಸಕ್ಕೆ ತೊಡಗಿದರೆ ತಗ್ಗುತ್ತದೆ. ಎಲ್ಲರಿಗೂ ಹೀಗೇ ಅಂತಲ್ಲ, ಅಮ್ಮನಿಗಂತೂ ಹೀಗೆ. ಅವಳ ಸಂಗೀತವನ್ನು ಕದ್ದದ್ದು ಯಾರ ಕಣ್ಣಿಗೂ ಬೀಳದ ಇನ್ನೊಂದು. ಎಲ್ಲವೂ ನಿಧಾನವಾಗುವುದು, ಎಲ್ಲವೂ ಚಿಕ್ಕದಾಗುವುದು. ಗಮಕದ ಎಳೆತ ಮೊದಲ ಆವರ್ತದಲ್ಲಿ ಸರಿಯಾಗಿರುತ್ತದೆ, ನಾಲ್ಕನೆಯದಕ್ಕೆ ಕುಗ್ಗಿ ಗಾಂಧಾರವೇ ಸಪ್ಪೆಯಾಗುತ್ತದೆ. ಅದಕ್ಕೇ ಅವಳು ತೋಡಿಯನ್ನು ಸದ್ದಿಲ್ಲದೆ ಬಿಟ್ಟಿದ್ದಳು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದಾಗ ಹೆಸರಿನಲ್ಲೇ ನಡುಕವಿಟ್ಟಿದ್ದರು. ಆ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಶಾರ್ಕೋ, ಎಲ್ಲ ರೋಗಿಗಳೂ ನಡುಗುವುದಿಲ್ಲವಲ್ಲ ಎಂದು ಆ ಹೆಸರನ್ನು ಆಕ್ಷೇಪಿಸಿ, ಕಾಯಿಲೆಯನ್ನು ಪಾರ್ಕಿನ್ಸನ್ನರ ಹೆಸರಿನಿಂದಲೇ ಕರೆದರು. ನಮ್ಮ ಬೀದಿಗೆ ಶಾರ್ಕೋ ಇನ್ನೂ ತಲುಪಿಲ್ಲ. “ಮಿಸ್ಸಿಗೆ ಕೈ ನಡುಕವಂತೆ” ಎಂಬ ಸುದ್ದಿ ಹಬ್ಬಿತು. ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ಪರೀಕ್ಷೆ, ಟ್ಯೂಷನ್ ಎಂದು ಒಂದೊಂದು ನೆಪ ಹೇಳಿ ಬಿಟ್ಟರು. ಉಳಿದವರು ನಾಲ್ಕು. ಆ ತಿಂಗಳು ನನ್ನ ಕೋಚಿಂಗ್ ಫೀಸು ಕಟ್ಟಲಿಲ್ಲ.

ಮಿದುಳಿನ ನಡುಭಾಗದ ಒಂದಷ್ಟು ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಅವು ಒಂದೊಂದಾಗಿ ಸಾಯುತ್ತಾ ಹೋಗುವುದೇ ಈ ಕಾಯಿಲೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಕೆಲವು ಗಂಟೆ ತುಂಬಿಕೊಡುತ್ತದೆ, ಸತ್ತ ಕೋಶಗಳನ್ನು ಬದುಕಿಸುವುದಿಲ್ಲ. ಮಾತ್ರೆ ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ಅಮ್ಮನ ಕೈ ಬಿಚ್ಚಿಕೊಳ್ಳುತ್ತದೆ, ಮುಂದಿನ ಮಾತ್ರೆಯ ಹೊತ್ತು ಹತ್ತಿರವಾದ ಹಾಗೆ ಮತ್ತೆ ಮುದುಡುತ್ತದೆ. ಪ್ರೋಟೀನ್ ಜಾಸ್ತಿಯಿರುವ ಊಟ ಜೊತೆಗೆ ಬಿದ್ದರೆ ಮಾತ್ರೆ ಸರಿಯಾಗಿ ಹತ್ತದು. ಹಾಗಾಗಿ ಹೆಸರುಕಾಳು ಉಸಲಿ ಈಗ ರಾತ್ರಿಯ ಐಟಂ. ಗೋಡೆಯ ಮೇಲೆ ನನ್ನ ಓದಿನ ಟೈಮ್‌ಟೇಬಲ್ ಪಕ್ಕದಲ್ಲೇ ಅವಳದೂ ಒಂದಿದೆ. ನನ್ನದಕ್ಕಿಂತ ಅದು ಹೆಚ್ಚು ಪಾಲನೆಯಾಗುತ್ತದೆ. ನಸುಗುನ್ನಿ ಬೀಜದ ಪುಡಿ ಕೊಡಿ ಎಂದು ಸಲಹೆ ಕೊಟ್ಟ ನೆಂಟರು ಒಬ್ಬಿಬ್ಬರಲ್ಲ. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜವೇ. ನಿಜವಾದ್ದರಿಂದಲೇ ಮಾತ್ರೆಯ ಜೊತೆ ನಮ್ಮಿಷ್ಟದಂತೆ ಸೇರಿಸಬಾರದು ಎಂದು ಡಾಕ್ಟರ್ ಗದರಿದರು.

ತಾಳದ ವಿಷಯ ಗೊತ್ತಾದದ್ದು ಅಡುಗೆಮನೆಯ ಹೊಸ್ತಿಲಿನಲ್ಲಿ. ಒಂದು ಸಂಜೆ ಅಮ್ಮ ಲೋಟ ಹಿಡಿದು ಬರುತ್ತಾ ಹೊಸ್ತಿಲ ಬಳಿ ನಿಂತುಬಿಟ್ಟಳು. ಪಾದಗಳು ನೆಲಕ್ಕೆ ಮೊಳೆ ಹೊಡೆದ ಹಾಗೆ. “ಕಾಲು ಬರ್ತಾ ಇಲ್ಲ ಕಣೋ” ಅಂದಳು. ಕೈ ಹಿಡಿದು ಎಳೆಯಹೋದೆ, ಮುಗ್ಗರಿಸುವಂತಾಯಿತು. ಏನೂ ತೋಚದೆ, ಚಿಕ್ಕಂದಿನಲ್ಲಿ ಅವಳೇ ಕಲಿಸಿದ ಆದಿತಾಳವನ್ನು ತೊಡೆಯ ಮೇಲೆ ಹಾಕುತ್ತಾ ಗಟ್ಟಿಯಾಗಿ “ತಕ ಧಿಮಿ, ತಕ ಝುಣು” ಎಂದೆ. ಎರಡನೇ ‘ತಕ’ಕ್ಕೆ ಅವಳ ಬಲಗಾಲು ಎದ್ದು ಹೊಸ್ತಿಲು ದಾಟಿತು. ಇಬ್ಬರೂ ನಕ್ಕುಬಿಟ್ಟೆವು. ಇದರಲ್ಲಿ ಪವಾಡವೇನಿಲ್ಲ ಎಂದು ಫಿಸಿಯೋಥೆರಪಿಸ್ಟ್ ಆಮೇಲೆ ವಿವರಿಸಿದರು. ಮಿದುಳಿನ ಒಳಗೇ ಹುಟ್ಟಬೇಕಾದ ಲಯ ಈ ಕಾಯಿಲೆಯಲ್ಲಿ ಕುಂಟುತ್ತದೆ, ಹೊರಗಿನಿಂದ ಕೇಳಿಸುವ ಲಯ ಬೇರೆ ದಾರಿ ಹಿಡಿದು ಕಾಲಿಗೆ ತಲುಪುತ್ತದಂತೆ. ಮೆಟ್ರೊನೋಮ್ ಸದ್ದಿಗೆ ನಡೆಸುವ ಅಭ್ಯಾಸ ಎಷ್ಟೋ ಕಡೆ ಇದೆ.

ಕಾಲಿಗೆ ಆದದ್ದು ಕೈಗೂ ಆದೀತಲ್ಲ! ಅವತ್ತಿನಿಂದ ಬೆಳಿಗ್ಗೆ ಮಾತ್ರೆಯಾಗಿ ಮುಕ್ಕಾಲು ಗಂಟೆಗೆ ನಾನು ಎದುರು ಕೂತು ತಾಳ ಹಾಕಲು ಶುರು ಮಾಡಿದೆ. ಒಂದು ಘಾತ, ಮೂರು ಬೆರಳು, ಘಾತ ಬೀಸು, ಘಾತ ಬೀಸು. ವೀಣೆ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಕೈಗೆ ಅದು ಮರೆತಿರಲಿಲ್ಲ. ಪ್ರತಿ ಘಾತಕ್ಕೂ ಎಳೆತವನ್ನು ಬೇಕೆಂದೇ ದೊಡ್ಡದು ಮಾಡುವುದು ಅವಳ ಉಪಾಯ. ತಿಂಗಳಾದ ಮೇಲೆ ತೋಡಿ ವರ್ಣವನ್ನು ಮೊದಲ ಕಾಲದಲ್ಲಿ ಹಿಡಿದಳು. ಎರಡನೇ ಕಾಲ ಬರುವುದಿಲ್ಲ, ಅದನ್ನು ಬಿಟ್ಟಾಯಿತು. ಗಾಂಧಾರ ಕುಗ್ಗತೊಡಗಿದಾಗ ನಾನು ಗೊತ್ತಾಗದ ಹಾಗೆ ತಾಳವನ್ನು ಸ್ವಲ್ಪ ಹಿಂದಕ್ಕೆಳೆಯುತ್ತಿದ್ದೆ. ನಾಲ್ಕು ದಿನ ನಡೆಯಿತು. ಐದನೇ ದಿನ ಅವಳು ಬಲಗೈಯಿಂದ ತಂತಿಗಳನ್ನು ಅದುಮಿ ನಿಲ್ಲಿಸಿದಳು.

“ನನಗೋಸ್ಕರ ನಿಧಾನ ಮಾಡ್ತಾ ಇದ್ದೀಯ.”

“ಇಲ್ಲಮ್ಮ.”

“ಸುಳ್ಳು ಹೇಳಬೇಡ. ನನ್ನ ಬೆರಳು ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ತಾಳ ಕಾಯಬಾರದು ಕಣೋ. ನೀನು ಕಾಯ್ತಾ ಕೂತರೆ ನಾನು ಇನ್ನೂ ಹಿಂದೆ ಬೀಳ್ತೀನಿ.”

ವೈದ್ಯರು ಹೇಳಿದ್ದೂ ಅದೇ ತಾನೇ? ಹೊರಗಿನ ಲಯ ನೆಟ್ಟಗಿದ್ದರೆ ತಾನೇ ಒಳಗಿನದು ಅದನ್ನು ಹಿಡಿದುಕೊಂಡು ನಡೆದೀತು. ಆದರೆ ತಾಯಿ ಎದುರಿಗೇ ಹಿಂದೆ ಬೀಳುವುದನ್ನು ನೋಡುತ್ತಾ ಒಂದೇ ಸಮ ತಾಳ ಹಾಕುವುದು ನಾನು ಬರೆದ ಯಾವ ಪರೀಕ್ಷೆಗಿಂತಲೂ ಕಷ್ಟದ್ದು.

ಅವಳಿಗೆ ಹುರುಪು ಬರಲಿ ಎಂದು ಒಂದು ವಿಡಿಯೊ ತೋರಿಸಿದೆ. ನಟ ಮೈಕೆಲ್ ಜೆ. ಫಾಕ್ಸ್‌ಗೆ 29ನೇ ವಯಸ್ಸಿಗೇ ಈ ಕಾಯಿಲೆ. 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಕೋಲ್ಡ್‌ಪ್ಲೇ ತಂಡದ ಜೊತೆ ಗಿಟಾರ್ ನುಡಿಸಿದರು. ನನ್ನ ಕಣ್ಣು ತುಂಬಿತ್ತು. ಅಮ್ಮ ಎಡಗೈಯನ್ನಷ್ಟೇ ದಿಟ್ಟಿಸಿ, “ಗಮಕ ಇಲ್ಲ ನೋಡು, ಪುಣ್ಯವಂತ” ಅಂದಳು. ಜೂಡಾಸ್ ಪ್ರೀಸ್ಟ್ ತಂಡದ ಗ್ಲೆನ್ ಟಿಪ್ಟನ್ ಕಥೆ ಮಾತ್ರ ಅವಳಿಗೆ ಹಿಡಿಸಿತು. 2018ರಲ್ಲಿ ಕಾಯಿಲೆಯನ್ನು ಬಹಿರಂಗಪಡಿಸಿ, ಪೂರ್ತಿ ಕಛೇರಿ ಬಿಟ್ಟು, ಆದಾಗ ಕೊನೆಯ ಕೆಲವು ಹಾಡುಗಳಿಗಷ್ಟೇ ವೇದಿಕೆಗೆ ಬಂದವರು ಅವರು. “ಇದು ಸರಿಯಾದ ಲೆಕ್ಕ” ಅಂದಳು. ಈ ಸಲದ ನವರಾತ್ರಿಗೆ ನಮ್ಮ ಬೀದಿಯ ದೇವಸ್ಥಾನದಲ್ಲಿ ಅವಳು ನುಡಿಸಿದ್ದು ಮೂರೇ ಕೃತಿ, 25 ನಿಮಿಷ. ತೋಡಿ ಇರಲಿಲ್ಲ. ಅದು ಮನೆಗೆ ಮಾತ್ರ. ಬಿಟ್ಟುಹೋದ ಮಕ್ಕಳಲ್ಲಿ ಒಬ್ಬಳು ಮುಂದಿನ ವಾರ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತಳು. ಯಾಕೆ ಬಿಟ್ಟಿದ್ದೆ ಎಂದು ಅಮ್ಮ ಕೇಳಲಿಲ್ಲ.

ಬ್ಯಾಂಕ್ ಪರೀಕ್ಷೆಯಲ್ಲಿ ಎರಡನೇ ಸಲವೂ ಆಗಲಿಲ್ಲ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹೋಗುವುದೋ ಬೇಡವೋ ಎಂದು ವಾರವಿಡೀ ಒದ್ದಾಡಿದೆ. ಚಿಕ್ಕಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ, ಮಾತ್ರೆ ಊಟ ನೋಡಿಕೊಳ್ಳುತ್ತಾರೆ. ತಾಳ? “ಮೊಬೈಲಿಗೆ ಯಾಕೆ ದುಡ್ಡು ಕೊಟ್ಟಿದ್ದೀಯ?” ಅಂದಳು ಅಮ್ಮ.

ಮೊದಲು ಪಿ.ಜಿ.ಯಿಂದ ಫೋನಿನಲ್ಲೇ ತಾಳ ಹಾಕಿ ನೋಡಿದೆ. ನನ್ನ ಘಾತ ಮೈಸೂರು ಮುಟ್ಟಿ ಅವಳ ಸ್ವರ ವಾಪಸ್ ಬರುವಷ್ಟರಲ್ಲಿ ಕ್ಷಣಾರ್ಧ ತಡವಾಗಿ, ಇಬ್ಬರಿಗೂ ಎಡವಟ್ಟು. ಹಾಗಾಗಿ ಒಂದು ಭಾನುವಾರ ರೂಮ್‌ಮೇಟ್ ಊರಿಗೆ ಹೋದಾಗ ಬಾಗಿಲು ಹಾಕಿಕೊಂಡು, ಮರದ ಮೇಜಿನ ಮೇಲೆ 40 ನಿಮಿಷ ಆದಿತಾಳ ಹಾಕಿ ರೆಕಾರ್ಡ್ ಮಾಡಿ ಕಳಿಸಿದೆ. ಮೆಟ್ರೊನೋಮ್ ಆ್ಯಪ್ ಇದೆಯಲ್ಲಮ್ಮ ಎಂದರೆ ಅದು ಬೇಡವಂತೆ, ಟಿಕ್ ಟಿಕ್ ಸದ್ದು ತಲೆ ತಿನ್ನುತ್ತದಂತೆ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಅವಳ ವಾಯ್ಸ್ ಮೆಸೇಜ್ ಬಂತು. ಚೆನ್ನಾಗಿದೆ ಎನ್ನುತ್ತಾಳೆ ಅಂದುಕೊಂಡು ಕಿವಿಗಿಟ್ಟೆ.

“ಮೂವತ್ತನೇ ನಿಮಿಷ ಆದಮೇಲೆ ಓಡಿದ್ದೀಯ. ಕೈ ನೋವಾಯ್ತೇನೋ? ಮತ್ತೆ ಹಾಕಿ ಕಳಿಸು.”