ಗಣಕದ ಉಗ್ರಾಣ ತುಂಬಿದಾಗ

ದಾವಣಗೆರೆಯ ಹತ್ತಿಯ ಮಂಡಿಗಳಲ್ಲಿ ಹಿಂದೆ ಎರಡು ಬಗೆಯ ಲೆಕ್ಕದ ಪುಸ್ತಕಗಳಿರುತ್ತಿದ್ದುವು. ವ್ಯವಹಾರ ನಡೆದೊಡನೆ ಬರೆದುಕೊಳ್ಳುವ ಕಿರ್ದಿ ಒಂದು. ಅದರಿಂದ ಆಸಾಮಿವಾರು ತೆಗೆದು ಬರೆಯುವ ಖತಾವಣಿ ಇನ್ನೊಂದು. ಕಿರ್ದಿಯಲ್ಲಿ ಬಾರದುದು ಖತಾವಣಿಗೆ ಹೋಗಕೂಡದು. ಇಂದು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಲೆಕ್ಕವನ್ನಿಡುವ ಡೇಟಾಬೇಸ್ ಸರ್ವರ್ ಎಂಬ ಗಣಕವೂ ಇದೇ ನಿಯಮವನ್ನು ಪಾಲಿಸುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಪ್ರತಿಯೊಂದು ಬದಲಾವಣೆಯನ್ನೂ ಅದು ಮೊದಲು ‘ಲಾಗ್’ ಎಂಬ ಕಿರ್ದಿಯಲ್ಲಿ ಬರೆದು, ಬಳಿಕ ಕೋಷ್ಟಕಗಳೆಂಬ ಖತಾವಣಿಗೆ ಸೇರಿಸುತ್ತದೆ. ನಡುವೆ ವಿದ್ಯುತ್ತು ಹೋದರೂ ಕಿರ್ದಿಯನ್ನೋದಿ ಲೆಕ್ಕವನ್ನು ಸರಿಪಡಿಸಿಕೊಳ್ಳಬಲ್ಲದು.

ಕಿರ್ದಿಯಲ್ಲಿ ಹಾಳೆಗಳೇ ಮುಗಿದರೆ? ಗುಮಾಸ್ತನು ಹೊಸ ವ್ಯವಹಾರವನ್ನು ಒಪ್ಪಿಕೊಳ್ಳಲಾರ. ಡಿಸ್ಕಿನಲ್ಲಿ ಸ್ಥಳ ತೀರಿದ ಸರ್ವರಿನ ಗತಿಯೂ ಇದೇ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ, ದಶಕಗಳ ಕಾಲ ಲೇಥುಗಳನ್ನು ತಯಾರಿಸಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ನಮ್ಮ ಸೀಮೆಯವರು ಮರೆತಿಲ್ಲ. ಕಿರ್ಲೋಸ್ಕರ್ ಸಮೂಹದೊಡನೆ ಕೂಡಿ ಬಿಡದಿಯಲ್ಲಿ ಕಾರುಗಳನ್ನು ತಯಾರಿಸುವ ಜಪಾನಿನ ಟೊಯೋಟಾ ಸಂಸ್ಥೆಯ ಹೆಸರೂ ಪರಿಚಿತವೇ. ಬಿಡಿಭಾಗಗಳನ್ನು ರಾಶಿ ಹಾಕಿಕೊಳ್ಳದೆ, ಬೇಕಾದ ಹೊತ್ತಿಗಷ್ಟೇ ತರಿಸಿಕೊಳ್ಳುವುದು ಟೊಯೋಟಾದ ಪದ್ಧತಿ. ಹೀಗಾಗಿ ಬೇಡಿಕೆಯನ್ನು ಕಳುಹಿಸುವ ಗಣಕ ನಿಂತರೆ ಕಾರ್ಖಾನೆಯೇ ನಿಲ್ಲಬೇಕು. ನಿಂತೂ ನಿಂತಿತು! 2023ರ ಆಗಸ್ಟ್ 27ರಂದು ವಾಡಿಕೆಯ ದುರಸ್ತಿಗಾಗಿ ಡೇಟಾಬೇಸಿನಲ್ಲಿ ಕೂಡಿಬಿದ್ದಿದ್ದ ಮಾಹಿತಿಯನ್ನು ಅಳಿಸಿ ಅಣಿಗೊಳಿಸುವಾಗ ಡಿಸ್ಕಿನಲ್ಲಿ ಸ್ಥಳ ಸಾಲದೆ ಹೋಯಿತು. ಮರುದಿನ ಬಿಡಿಭಾಗಗಳ ಬೇಡಿಕೆಯ ವ್ಯವಸ್ಥೆ ಕೆಟ್ಟಿತು. 29ರಂದು ಜಪಾನಿನ 14 ಕಾರ್ಖಾನೆಗಳೂ ಸ್ತಬ್ಧವಾದುವು.

ಅಳಿಸಲು ಹೊರಟರೆ ಸ್ಥಳ ಹೆಚ್ಚಬೇಕಲ್ಲದೆ ಕಡಮೆಯಾಗುವುದು ಹೇಗೆ? ವಿಷಯದ ತಿರುಳು ಇಲ್ಲಿದೆ. ಅಳಿಸುವಿಕೆಯೂ ಒಂದು ಬದಲಾವಣೆ. ಅದನ್ನೂ ಕಿರ್ದಿಯಲ್ಲಿ ಬರೆಯಬೇಕು. ಹತ್ತು ಕೋಟಿ ಸಾಲುಗಳನ್ನು ಅಳಿಸಿದರೆ ಹತ್ತು ಕೋಟಿ ನಮೂದುಗಳು! ಅದಲ್ಲದೆ, ಖತಾವಣಿಯ ಸಾಲಿಗೆ ಅಡ್ಡಗೆರೆ ಎಳೆದ ಮಾತ್ರಕ್ಕೆ ಹಾಳೆ ಬರಿದಾಗುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸು ಅಳಿಸಿದ ಸಾಲನ್ನು ‘ಸತ್ತದ್ದು’ ಎಂದು ಗುರುತಿಸುವುದಷ್ಟೆ. ಅದರ ‘ವ್ಯಾಕ್ಯೂಮ್’ ಎಂಬ ಕ್ರಿಯೆಯು ಆ ಜಾಗವನ್ನು ಅದೇ ಕೋಷ್ಟಕದ ಹೊಸ ಸಾಲುಗಳಿಗೆ ಒದಗಿಸುತ್ತದೆಯೇ ಹೊರತು, ಸಾಮಾನ್ಯವಾಗಿ ಡಿಸ್ಕಿಗೆ ಹಿಂದಿರುಗಿಸುವುದಿಲ್ಲ. ಹಿಂದಿರುಗಿಸಬೇಕಾದರೆ ಬದುಕಿರುವ ಸಾಲುಗಳನ್ನೆಲ್ಲ ಹೊಸ ಕಡತಕ್ಕೆ ನಕಲು ಮಾಡಿ, ಬಳಿಕ ಹಳೆಯದನ್ನು ಬಿಸಾಡಬೇಕು. 200 ಗಿಗಾಬೈಟಿನ ಕೋಷ್ಟಕದಲ್ಲಿ ಅರ್ಧ ಸತ್ತಿದೆಯೆನ್ನೋಣ. ನಕಲಿಗೆ 100 ಗಿಗಾಬೈಟು ಬೇಕು, ಬಿಡುವಿರುವುದು 40. ಕೆಲಸ ನಡುದಾರಿಯಲ್ಲಿ ಮುರಿದುಬೀಳುತ್ತದೆ. ಸೂರಿನವರೆಗೆ ಮೆಕ್ಕೆಜೋಳದ ಚೀಲ ಪೇರಿಸಿದ ಗೋದಾಮಿನಲ್ಲಿ ತಳದ ಚೀಲವನ್ನು ತೆಗೆಯಲು ಮೇಲಿನವುಗಳನ್ನು ಇಳಿಸುವುದಕ್ಕೆ ಜಾಗವೆಲ್ಲಿ?

ಟೊಯೋಟಾದಲ್ಲಿ ಬದಲಿ ಸರ್ವರುಗಳೂ ಇದ್ದುವು. ಆದರೆ ಅವೂ ಅದೇ ವ್ಯವಸ್ಥೆಯಲ್ಲಿದ್ದುದರಿಂದ ಅದೇ ದೋಷಕ್ಕೆ ಈಡಾದುವು. ಒಂದೇ ಅಳತೆಯ ಎರಡು ಕೊಡಗಳಿಗೆ ಒಂದೇ ವೇಗದಲ್ಲಿ ನೀರು ಬಿಟ್ಟರೆ ಒಂದೇ ಗಳಿಗೆಯಲ್ಲಿ ತುಂಬುವುವಷ್ಟೆ! ಕಡೆಗೆ 29ರಂದು ಮಾಹಿತಿಯನ್ನು ಹೆಚ್ಚು ಸ್ಥಳವಿರುವ ಸರ್ವರಿಗೆ ಸಾಗಿಸಿದ ಮೇಲೆ, ಮರುದಿನ ಯಂತ್ರಗಳು ತಿರುಗಿದುವು.

ಇಂಥ ಸಂಕಟದಲ್ಲಿ ಕೈ ಮೊದಲು ಹೋಗುವುದು ಲಾಗ್ ಕಡತಗಳ ಮೇಲೆ. ಹೆಸರು ಕೇಳಿದರೆ ನಿರುಪಯುಕ್ತ ಟಿಪ್ಪಣಿಯೆಂದೇ ತೋರುವುದು. ಅವನ್ನು ಕೈಯಾರೆ ಅಳಿಸುವುದೆಂದರೆ ಕಿರ್ದಿಯನ್ನು ಒಲೆಗೆ ಹಾಕಿದಂತೆ. ಡೇಟಾಬೇಸು ಮತ್ತೆ ಏಳದಿರಬಹುದು. ಡಿಸ್ಕನ್ನು ಹಿಗ್ಗಿಸುವುದು, ಬೇರೆಡೆ ಇರಬಹುದಾದ ಕಡತಗಳನ್ನು ಸಾಗಿಸುವುದು, ಹಳೆಯ ತಿಂಗಳ ಕೋಷ್ಟಕವನ್ನು ಇಡಿಯಾಗಿ ಕಿತ್ತುಹಾಕುವುದು ಸುರಕ್ಷಿತ ಮಾರ್ಗಗಳು. ಸಾಲುಸಾಲಾಗಿ ಅಳಿಸುವುದಕ್ಕಿಂತ ಕೊನೆಯದು ಬಲು ಅಗ್ಗ. ಕೆಲವರು ಕೆಲವು ಗಿಗಾಬೈಟಿನ ಪೊಳ್ಳು ಕಡತವೊಂದನ್ನು ಮೊದಲೇ ಇಟ್ಟಿದ್ದು, ಆಪತ್ತಿನಲ್ಲಿ ಅದನ್ನು ಅಳಿಸಿ ಉಸಿರಾಡಲು ಎಡೆ ಮಾಡಿಕೊಳ್ಳುತ್ತಾರೆ. ಈ ಯುಕ್ತಿ ನಮಗೆ ಮೆಚ್ಚಿಗೆಯಾಯಿತು.

ಆದರೂ ಅಳೆಯಬೇಕಾದುದು ಮಟ್ಟವೊಂದನ್ನೇ ಅಲ್ಲ, ವೇಗವನ್ನೂ. ನಾಲೆ ನಿಂತ ದಿನಗಳಲ್ಲಿ ದಾವಣಗೆರೆಯ ಕುಂದವಾಡ ಕೆರೆಯಲ್ಲಿ ನೀರೆಷ್ಟಿದೆಯೆಂದು ನೋಡಿದರೆ ಸಾಲದು. ದಿನಕ್ಕೆಷ್ಟು ವೆಚ್ಚವೆಂಬುದೂ ತಿಳಿಯಬೇಕು. 1000 ಗಿಗಾಬೈಟಿನ ಡಿಸ್ಕಿನಲ್ಲಿ 800 ತುಂಬಿದ್ದು, ದಿನಕ್ಕೆ 8 ಸೇರುತ್ತಿದ್ದರೆ ಇನ್ನೂ 25 ದಿನಗಳಿವೆ. ದೂರದ ಪ್ರತಿ-ಸರ್ವರಿನ ಸಂಪರ್ಕ ಕಡಿದಿದೆಯೆನ್ನಿ. ಅದು ಓದುವವರೆಗೆ ಲಾಗನ್ನು ಕಾದಿರಿಸುವ ಏರ್ಪಾಡಿದ್ದರೆ, ಕಿರ್ದಿಯ ಹಾಳೆಗಳು ರಾಶಿಬೀಳತೊಡಗುತ್ತವೆ. ಗಂಟೆಗೆ 5 ಗಿಗಾಬೈಟಿನಂತೆ ಬೆಳೆದರೆ ಉಳಿಯುವುದು 40 ಗಂಟೆ: ಶುಕ್ರವಾರ ರಾತ್ರಿ 8ಕ್ಕೆ ಕಚೇರಿಗೆ ಬೀಗ ಹಾಕಿ ಹೋದರೆ, ಭಾನುವಾರ ನಡುಹಗಲು 12ಕ್ಕೆ ಡಿಸ್ಕು ತುಂಬಿರುತ್ತದೆ.